ಓದುಗರ ಪ್ರಶ್ನೆ: ಇಂಗ್ಲೆಂಡಿನ ಹಳ್ಳಿ ಚರ್ಚಿನ ಗಂಟೆ, ಸಭೆ, ಸುಗ್ಗಿಯೂಟ

ಪ್ರಶ್ನೆ: ಡೆವನ್‌ನ ಹಳ್ಳಿಯೊಂದಕ್ಕೆ ಬಂದು ವರ್ಷವಾಯಿತು. ನಮ್ಮ 12 ವರ್ಷದ ಮಗಳನ್ನು ಚರ್ಚಿನ ಗಂಟೆ ಬಾರಿಸುವ ತಂಡಕ್ಕೆ ಕರೆದಿದ್ದಾರೆ. ನಾವು ಹಿಂದೂಗಳು. ಕಳಿಸಬಹುದೇ? ಅಪಾಯವೇನಾದರೂ ಇದೆಯೇ?

ಉತ್ತರ: ಧಾರಾಳವಾಗಿ ಕಳಿಸಿ. ಬಹಳಷ್ಟು ಗೋಪುರಗಳಲ್ಲಿ ಬಾರಿಸುವವರ ಧರ್ಮ ಯಾವುದೆಂದು ಯಾರೂ ಕೇಳುವುದಿಲ್ಲ. ಭಾನುವಾರ ಆರಾಧನೆಗೆ ಮುಂಚೆ ಬಾರಿಸಿ ಮನೆಗೆ ಬಂದರೂ ಆಯಿತು, ಒಳಗೆ ಕೂರಲೇಬೇಕೆಂದಿಲ್ಲ. ಆದರೆ ವಾರಕ್ಕೊಂದು ಸಂಜೆಯ ಅಭ್ಯಾಸ ಮತ್ತು ಭಾನುವಾರದ ಸರದಿ, ಎರಡನ್ನೂ ತಪ್ಪಿಸಬಾರದು. ಆರು ಗಂಟೆಗಳ ಗೋಪುರದಲ್ಲಿ ಒಬ್ಬರು ಬರದಿದ್ದರೂ ಸಾಲು ಮುರಿಯುತ್ತದೆ.

ನಮ್ಮ ದೇವಸ್ಥಾನದ ಗಂಟೆ ನಿಂತಲ್ಲೇ ಇರುತ್ತದೆ, ನಾವು ಎಳೆಯುವುದು ಅದರ ನಾಲಿಗೆಯನ್ನು. ಅಲ್ಲಿ ಹಾಗಲ್ಲ. ಗಂಟೆಯನ್ನು ದೊಡ್ಡ ಮರದ ಚಕ್ರಕ್ಕೆ ಜೋಡಿಸಿರುತ್ತಾರೆ. ಬಾಯಿ ಮೇಲಾಗಿ ನಿಂತ ಗಂಟೆ ಒಂದು ಎಳೆತಕ್ಕೆ ಪೂರ್ತಿ ಒಂದು ಸುತ್ತು ತಿರುಗಿ ಮತ್ತೆ ಬಾಯಿ ಮೇಲಾಗಿಯೇ ನಿಲ್ಲುತ್ತದೆ, ಮುಂದಿನ ಎಳೆತಕ್ಕೆ ಹಿಮ್ಮುಖವಾಗಿ ಒಂದು ಸುತ್ತು. ನೂರಾರು ಕಿಲೋ ತೂಕವಿದ್ದರೂ ಹುಡುಗಿ ಎಳೆಯಬಲ್ಲಳು. ತೋಳಿನ ಬಲಕ್ಕಿಂತ ಎಳೆಯುವ ಗಳಿಗೆ ಮುಖ್ಯ.

ಹಗ್ಗದಲ್ಲಿ ಉಣ್ಣೆ ಸೇರಿಸಿ ಹೆಣೆದ ದಪ್ಪ, ಬಣ್ಣಬಣ್ಣದ ಭಾಗವಿರುತ್ತದೆ, ಅದನ್ನು ಸ್ಯಾಲಿ ಅನ್ನುತ್ತಾರೆ. ಮೊದಲ ಎಳೆತದಲ್ಲಿ ಅದನ್ನು ಎಳೆದು ಕೈಬಿಡಬೇಕು. ಹಗ್ಗದ ತುದಿ ಮಾತ್ರ ಕೈಯಲ್ಲಿ ಉಳಿದಿರಬೇಕು. ಎರಡನೇ ಎಳೆತ ತುದಿಯಿಂದ, ಆಮೇಲೆ ಇಳಿದು ಬರುವ ಸ್ಯಾಲಿಯನ್ನು ಮತ್ತೆ ಹಿಡಿಯಬೇಕು. ಕಲಿಸುವವರು ಮೊದಲು ತುದಿಯ ಎಳೆತವನ್ನಷ್ಟೇ ಕೊಡುತ್ತಾರೆ, ಸ್ಯಾಲಿ ಅವರ ಕೈಯಲ್ಲಿರುತ್ತದೆ. ಆಮೇಲೆ ಸ್ಯಾಲಿಯನ್ನು ಬೇರೆಯಾಗಿ ಕಲಿಸಿ, ಕೊನೆಗೆ ಎರಡನ್ನೂ ಕೂಡಿಸುತ್ತಾರೆ. ಗಂಟೆಯ ನಾಲಿಗೆಯನ್ನು ಕಟ್ಟಿ ಸದ್ದಿಲ್ಲದೆ ಅಭ್ಯಾಸ ಮಾಡಿಸುವುದೂ ಉಂಟು. ಹಗ್ಗ ಕೈಗೆ ಒಗ್ಗಲು ಸಾಮಾನ್ಯವಾಗಿ 10ರಿಂದ 15 ತಾಸು ಬೇಕು.

ಅಪಾಯ ಎರಡು ಕಡೆ ಇದೆ. ಬಿಡಬೇಕಾದಾಗ ಸ್ಯಾಲಿ ಬಿಡದಿದ್ದರೆ ಹಗ್ಗ ಆಳನ್ನೇ ಮೇಲಕ್ಕೆ ಎತ್ತುತ್ತದೆ. ಮಿತಿ ಮೀರಿ ಎಳೆದರೆ ಗಂಟೆ ತನ್ನನ್ನು ತಡೆಯುವ ‘ಸ್ಟೇ’ ಎಂಬ ಮರದ ತುಂಡಿಗೆ ಬಡಿದು ಅದನ್ನು ಮುರಿದುಹಾಕುತ್ತದೆ, ಹಗ್ಗ ಸರ್ರನೆ ಛಾವಣಿಯತ್ತ ಓಡುತ್ತದೆ. ಆಗ ಹಗ್ಗ ಕೈಬಿಟ್ಟು ಗೋಡೆಯ ಕಡೆಗೆ ಸರಿಯಬೇಕು, ಓಡುವ ಹಗ್ಗವನ್ನು ಹಿಡಿಯಲು ಹೋಗಲೇಬಾರದು. ಗಂಟೆಯೂ ಚೌಕಟ್ಟೂ ಉಳಿಯಲಿ ಎಂದೇ ಸ್ಟೇಯನ್ನು ಮುರಿಯುವಂಥ ಮರದಲ್ಲಿ ಮಾಡಿರುತ್ತಾರೆ, ಬದಲಾಯಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬಾಯಿ ಮೇಲಾಗಿ ನಿಂತ ಗಂಟೆಯ ಹಗ್ಗವನ್ನು ತಂಡದ ನಾಯಕರು ಹೇಳದೆ ಮುಟ್ಟಬಾರದೆಂದು ಮಗಳಿಗೆ ಮೊದಲ ದಿನವೇ ಹೇಳಿ. ಜಡೆ ಬಿಗಿಯಾಗಿ ಕಟ್ಟಲಿ. ದುಪಟ್ಟಾ, ಸಡಿಲ ಬಳೆ ಬೇಡ. ಚಪ್ಪಟೆ ಅಡಿಯ ಷೂ ಇರಲಿ. ಚಿಕ್ಕವರಿಗೆ ಪೋಷಕರ ಲಿಖಿತ ಒಪ್ಪಿಗೆ ಕೇಳುತ್ತಾರೆ, ನೀವೂ ಒಮ್ಮೆ ಜೊತೆಗೆ ಹೋಗಿ ನೋಡಿ ಬನ್ನಿ.

ಇಷ್ಟು ಭಾರದ ಗಂಟೆಯಲ್ಲಿ ರಾಗ ನುಡಿಸಲಾಗುವುದಿಲ್ಲ. ಎಲ್ಲ ಗಂಟೆಗಳೂ ಒಂದೊಂದು ಸಲ ಬಾರಿಸಿದರೆ ಒಂದು ಸಾಲು. ಒಂದು ಸಾಲಿನಿಂದ ಮುಂದಿನ ಸಾಲಿಗೆ ಪ್ರತಿ ಗಂಟೆಯೂ ಹೆಚ್ಚೆಂದರೆ ಒಂದು ಸ್ಥಾನ ಸರಿಯಬಲ್ಲದು. ಹೀಗೆ ಆರು ಗಂಟೆಗಳನ್ನು 720 ಬಗೆಯಲ್ಲಿ, ಯಾವ ಸಾಲೂ ಮರುಕಳಿಸದಂತೆ ಬಾರಿಸಬಹುದು. ಏಳಾದರೆ 5,040 ಬಗೆ, ಅದಕ್ಕೆ ಸುಮಾರು ಮೂರು ತಾಸು. ನಿಮ್ಮ ಡೆವನ್‌ನಲ್ಲಿ ನಾಯಕರು ಸಾಲಿನ ಬದಲಾವಣೆಯನ್ನು ಕೂಗಿ ಹೇಳುವ ಪದ್ಧತಿ ಬಹಳ ಗಟ್ಟಿಯಾಗಿ ಉಳಿದಿದೆ. ಹೊಸಬರು ಬೇಗ ತಂಡ ಸೇರಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಪ್ರಶ್ನೆ: ಚರ್ಚಿನ ಬಾಗಿಲಿಗೆ ವಾರ್ಷಿಕ ಸಭೆಯ ನೋಟಿಸ್ ಅಂಟಿಸಿದ್ದಾರೆ. ಭಾರತದ ಪಾಸ್‌ಪೋರ್ಟ್ ಇರುವ ನಮಗೆ ಅಲ್ಲೇನು ಕೆಲಸ? ಪ್ಯಾರಿಷ್ ಕೌನ್ಸಿಲ್ ಅಂದರೆ ಇದೇನಾ?

ಉತ್ತರ: ಅಲ್ಲ. 1894ರ ಕಾನೂನು ಊರಿನ ಲೌಕಿಕ ಕೆಲಸವನ್ನು ಚರ್ಚಿನಿಂದ ಬೇರ್ಪಡಿಸಿತು. ಪ್ಯಾರಿಷ್ ಕೌನ್ಸಿಲ್ ನಮ್ಮ ಗ್ರಾಮ ಪಂಚಾಯಿತಿಯಂತೆ. ಮಕ್ಕಳ ಆಟದ ಬಯಲು, ಬಸ್ ತಂಗುದಾಣದಂಥ ಕೆಲಸ ನೋಡಿಕೊಳ್ಳುತ್ತದೆ, ಅದರ ಹಣ ನೀವು ಕಟ್ಟುವ ಕೌನ್ಸಿಲ್ ತೆರಿಗೆಯೊಳಗೇ ಇದೆ. ಚರ್ಚಿನ ಮಂಡಳಿ ಬೇರೆ. ಅದಕ್ಕೆ ತೆರಿಗೆಯಲ್ಲಿ ಪಾಲಿಲ್ಲ. ಛಾವಣಿ ಸೋರಿದರೆ ಹಳ್ಳಿಯವರೇ ಹಣ ಕೂಡಿಸಬೇಕು.

ಮೇ 31ರೊಳಗೆ ಸಾಮಾನ್ಯವಾಗಿ ಒಂದರ ಹಿಂದೊಂದು ಎರಡು ಸಭೆ ನಡೆಯುತ್ತವೆ. ಮೊದಲನೆಯದರಲ್ಲಿ ಚರ್ಚಿನ ಉಸ್ತುವಾರಿ ನೋಡುವ ಚರ್ಚ್‌ವಾರ್ಡನ್‌ಗಳ ಆಯ್ಕೆ, ರೂಢಿಯಂತೆ ಇಬ್ಬರು. ಆ ಪ್ಯಾರಿಷ್‌ನಲ್ಲಿ, ಅಂದರೆ ಆ ಚರ್ಚಿನ ವ್ಯಾಪ್ತಿಯೊಳಗೆ, ವಾಸವಿದ್ದು ಸ್ಥಳೀಯ ಚುನಾವಣೆಯ ಮತದಾರರ ಪಟ್ಟಿಯಲ್ಲಿರುವ ಯಾರೇ ಆಗಲಿ, ಧರ್ಮ ಯಾವುದೇ ಇರಲಿ, ಇಲ್ಲಿ ಮತ ಹಾಕಬಹುದು. ಇಂಗ್ಲೆಂಡಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾಗಿ ಆ ಪಟ್ಟಿಗೆ ಸೇರಬಹುದು. ಎರಡನೆಯದು ಮಂಡಳಿಯ ಆಯ್ಕೆ. ಅದಕ್ಕೆ ಚರ್ಚಿನದೇ ಪ್ರತ್ಯೇಕ ಪಟ್ಟಿ ಇದೆ, ದೀಕ್ಷಾಸ್ನಾನ ಆದವರಿಗೆ ಮಾತ್ರ. ಮೊದಲ ಸಭೆಗೆ ಖಂಡಿತ ಹೋಗಿ. ಒಬ್ಬರೇ ಪಾದ್ರಿ ಹಲವು ಹಳ್ಳಿ ನೋಡಿಕೊಳ್ಳುವ ಈ ಕಾಲದಲ್ಲಿ ಕೀಲಿಕೈ, ಲೆಕ್ಕ, ರಿಪೇರಿ ಎಲ್ಲ ಬೀಳುವುದು ಆ ಇಬ್ಬರ ಹೆಗಲಿಗೇ.

ಕಾಣಿಕೆ ಕೊಡುವುದಾದರೆ ಗಿಫ್ಟ್ ಏಡ್ ಲಕೋಟೆಯಲ್ಲಿ ಹೆಸರು, ವಿಳಾಸ ತುಂಬಿ ಕೊಡಿ. ನಿಮ್ಮ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಸೇರುತ್ತದೆ. ಆ ವರ್ಷ ನೀವು ಅಷ್ಟು ಆದಾಯ ತೆರಿಗೆ ಕಟ್ಟಿರದಿದ್ದರೆ ವ್ಯತ್ಯಾಸವನ್ನು ನಿಮ್ಮಿಂದಲೇ ವಸೂಲು ಮಾಡುತ್ತಾರೆ, ಅದು ನೆನಪಿರಲಿ.

ಪ್ರಶ್ನೆ: ಸುಗ್ಗಿ ಹಬ್ಬದ ಊಟಕ್ಕೆ ಒಂದು ಅಡುಗೆ ತರಲು ಹೇಳಿದ್ದಾರೆ. ಚಿತ್ರಾನ್ನ ಒಯ್ಯಬಹುದೇ?

ಉತ್ತರ: ಒಯ್ಯಿರಿ, ಆದರೆ ಚೀಟಿ ಬರೆದಿಡಿ. ಅಲ್ಲಿನ ನಿಯಮ ಗುರುತಿಸುವ 14 ಅಲರ್ಜಿ ಪದಾರ್ಥಗಳಲ್ಲಿ ಸಾಸಿವೆಯೂ ಕಡಲೆಕಾಯಿಯೂ ಇವೆ. ನಮ್ಮ ಒಗ್ಗರಣೆಯಲ್ಲಿ ಎರಡೂ ಉಂಟು. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುವುದು ಹೆಚ್ಚು, ಡಬ್ಬಿ ನೋಡಿ ಅದನ್ನೂ ಬರೆಯಿರಿ. ಕಡಲೆಕಾಯಿ ಬಿಟ್ಟು ಮಾಡಿದರೆ ಇನ್ನೂ ಒಳ್ಳೆಯದು.

ಅನ್ನದ ವಿಷಯದಲ್ಲಿ ಉದಾಸೀನ ಬೇಡ. ಬೇಯಿಸಿದ ಅನ್ನ ಬೆಚ್ಚಗೆ ಹೊರಗಿದ್ದರೆ ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಾಣು ಮೊಳೆತು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ ಒಂದು ತಾಸಿನೊಳಗೆ ಆರಿಸಿ ಫ್ರಿಜ್‌ನಲ್ಲಿಡಿ, ಬಡಿಸುವ ಹೊತ್ತಿಗೆ ಒಗ್ಗರಣೆ ಕಲಸಿ. ಚರ್ಚಿನೊಳಗೆ ಜೋಡಿಸುವ ಕಾಣಿಕೆ ಬೇರೆ. ಅದು ಆಹಾರ ಬ್ಯಾಂಕಿಗೆ ಹೋಗುವಂತಿದ್ದರೆ ಮನೆಯ ಉಪ್ಪಿನಕಾಯಿ ನಡೆಯುವುದಿಲ್ಲ, ಅವಧಿ ಮುಗಿಯದ, ಸೀಲ್ ಇರುವ ಡಬ್ಬಿಯೇ ಬೇಕು. ಇಂದಿನ ರೂಪದ ಈ ಹಬ್ಬ ಶುರುವಾದದ್ದು 1843ರಲ್ಲಿ, ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಹಳ್ಳಿಯ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್ ಅವರಿಂದ.

ಪ್ರಶ್ನೆ: ಊರಿನಲ್ಲಿ ತೀರಿಕೊಂಡ ತಂದೆಯವರ ನೆನಪಿಗೆ ಇಲ್ಲಿನ ಚರ್ಚಿನಂಗಳದಲ್ಲಿ ಒಂದು ಗಿಡ ನೆಡಬಹುದೇ?

ಉತ್ತರ: ನೀವಾಗಿಯೇ ನೆಡಬೇಡಿ. ಅಲ್ಲಿ ಗಿಡ, ಬೆಂಚು, ಫಲಕ ಯಾವುದಕ್ಕೂ ಚರ್ಚ್ ಆಡಳಿತದ ಅನುಮತಿ ಬೇಕು. ಕೆಲವಕ್ಕೆ ಡಯೋಸಿಸ್‌ನ, ಅಂದರೆ ಬಿಷಪ್ಪರ ಆಡಳಿತ ವಲಯದ, ಆದೇಶವೇ ಆಗಬೇಕು. ಬೇರು ಹಳೆಯ ಸಮಾಧಿಯನ್ನೂ ಅಡಿಪಾಯವನ್ನೂ ಕದಲಿಸುತ್ತದೆ. ನೆರಳು ಬಿದ್ದರೆ ಸಮಾಧಿ ಕಲ್ಲಿನ ಮೇಲೆ ಬಹುಕಾಲದಿಂದ ಬೆಳೆದ ಕಲ್ಲುಹೂವು ಸಾಯುತ್ತದೆ. ಹೊಸ ಹೂಳಿಕೆ ನಿಂತು, ನಿರ್ವಹಣೆ ಸ್ಥಳೀಯ ಆಡಳಿತಕ್ಕೆ ಹೋಗಿರುವ ಅಂಗಳಕ್ಕೂ ಇದೇ ನಿಯಮ. ಮೊದಲು ಚರ್ಚ್‌ವಾರ್ಡನ್‌ರನ್ನು ಕಾಣಿ. ಆಗದೆಂದರೆ ಪ್ಯಾರಿಷ್ ಕೌನ್ಸಿಲ್‌ನ ಕ್ಲರ್ಕ್‌ಗೆ ಬರೆಯಿರಿ. ಊರಿನ ಬಯಲಿನಲ್ಲಿ ಜಾಗ ಸಿಗುವ ಸಾಧ್ಯತೆ ಇದೆ.