ಹೃದಯಾಘಾತ ವಂಶದಲ್ಲೇ ಇದ್ದರೆ, ವಂಶವಾಹಿಗಳ ಸಂಶೋಧನೆಯಿಂದ ಏನು ಉಪಯೋಗ?

ತಂದೆಗೆ 46ನೇ ವಯಸ್ಸಿನಲ್ಲಿ, ಚಿಕ್ಕಪ್ಪನಿಗೆ 49ರಲ್ಲಿ ಹೃದಯಾಘಾತವಾಯಿತು, ವೈದ್ಯರು ‘ಇದು ನಿಮ್ಮ ವಂಶದಲ್ಲೇ ಇದೆ’ ಎಂದರು ಎಂದು ಬರೆದಿದ್ದೀರಿ. ಹುಟ್ಟುವಾಗಲೇ ಬಂದದ್ದನ್ನು ಬದಲಿಸಲು ಆಗುವುದಿಲ್ಲವಾದರೆ ಸಂಶೋಧಕರು ವಂಶವಾಹಿಗಳನ್ನು ಹುಡುಕಿ ಯಾರಿಗೆ ಏನು ಉಪಕಾರ ಎಂದೂ ಕೇಳಿದ್ದೀರಿ. ಆನುವಂಶಿಕ ಹೃದ್ರೋಗಗಳ ಸಂಶೋಧನೆಯೇ ನನ್ನ ವೃತ್ತಿ. ನಿಮ್ಮ ಪ್ರಶ್ನೆಯ ಹಿಂದಿರುವ ಭಯವನ್ನು ಬಹಳ ಮಂದಿಯ ಮುಖದಲ್ಲಿ ನೋಡಿದ್ದೇನೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಹೃದಯದ ಕಾಯಿಲೆಗಳಲ್ಲಿ ಆನುವಂಶಿಕ ಕಾರಣ ಖಚಿತವಾಗಿ ತಿಳಿದದ್ದರಿಂದ ನಮಗೆ ಕೆಲವು ಒಳ್ಳೆಯ ಔಷಧಗಳು ಸಿಕ್ಕಿವೆ.

ಈ ಕೆಲಸ ಶುರುವಾಗುವುದು ಒಂದು ಹಾಳೆ, ಒಂದು ಪೆನ್ನಿನಿಂದ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಬಂದವರ ಗುರುತಿಗೆ ಕಪ್ಪು ತುಂಬುತ್ತೇವೆ, ತೀರಿಕೊಂಡವರ ಮೇಲೆ ಓರೆಗೆರೆ ಎಳೆಯುತ್ತೇವೆ. ಮೂರು ತಲೆಮಾರಿನ ವಂಶವೃಕ್ಷ ಹೀಗೆ ಸಿದ್ಧವಾಗುತ್ತದೆ. ಯಾರು ಯಾವ ವಯಸ್ಸಿನಲ್ಲಿ ಹೋದರು, ಹಠಾತ್ತಾಗಿ ಹೋದರೇ, ಯಾರಿಗಾದರೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗಿ ಗಂಟು ಕಟ್ಟಿತ್ತೇ ಎಂದು ಕೇಳುತ್ತೇವೆ. ಈ ಕೊನೆಯ ಪ್ರಶ್ನೆ ವಿಚಿತ್ರ ಎನಿಸಬಹುದು, ಆದರೆ ಅಲ್ಲಿ ಶೇಖರವಾಗುವುದು ಕೊಲೆಸ್ಟ್ರಾಲ್. ಕಪ್ಪು ತುಂಬಿದ ಗುರುತುಗಳು ಪ್ರತಿ ತಲೆಮಾರಿನಲ್ಲೂ, ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಕಂಡರೆ ಒಂದೇ ವಂಶವಾಹಿಯ ದೋಷವಿರಬಹುದು ಎಂಬ ಅನುಮಾನ ಬಲವಾಗುತ್ತದೆ.

ನಿಮ್ಮ ಮನೆಯ ವಿವರ ಓದಿದಾಗ ನನಗೆ ಮೊದಲು ಹೊಳೆದದ್ದು ಕೌಟುಂಬಿಕ ಅಧಿಕ ಕೊಲೆಸ್ಟ್ರಾಲ್ ಎಂಬ ಸ್ಥಿತಿ. ಅದೇ ಎಂದು ಇಲ್ಲಿ ಕುಳಿತು ಹೇಳಲಾರೆ, ಆದರೆ ಹುಡುಕಿ ನೋಡಲೇಬೇಕಾದದ್ದು ಅದು. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುವ ಈ ಸ್ಥಿತಿ ಅಪರೂಪವೇನಲ್ಲ. ಆದರೂ ಬಹುಪಾಲು ಜನರಲ್ಲಿ ಪತ್ತೆಯಾಗದೆ ಉಳಿದಿರುತ್ತದೆ. ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ ಅನ್ನು ರಕ್ತದಿಂದ ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲೆ ಇರುತ್ತವೆ. ಆ ಗ್ರಾಹಕವನ್ನು ತಯಾರಿಸುವ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಹುಟ್ಟಿದಾಗಿನಿಂದ ಎಲ್‌ಡಿಎಲ್ ಹೆಚ್ಚಾಗಿಯೇ ಇರುತ್ತದೆ. ಎರಡೂ ಕೆಟ್ಟರೆ ಬಾಲ್ಯದಲ್ಲೇ ಹೃದಯಾಘಾತವಾಗಬಹುದು. ಅಮೆರಿಕದ ವಿಜ್ಞಾನಿಗಳಾದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1970ರ ದಶಕದಲ್ಲಿ ಇಂತಹ ರೋಗಿಗಳ ಚರ್ಮದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಈ ಗ್ರಾಹಕವನ್ನು ಕಂಡುಹಿಡಿದರು. ಅದಕ್ಕೆ 1985ರ ನೊಬೆಲ್ ಬಂತು. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಕೆಲಸ ಮಾಡುವುದು ಹೇಗೆ ಎಂಬುದು ಅರ್ಥವಾದದ್ದೂ ಈ ದಾರಿಯಲ್ಲೇ: ಯಕೃತ್ತು ತಾನೇ ಕೊಲೆಸ್ಟ್ರಾಲ್ ತಯಾರಿಸುವುದನ್ನು ಅದು ತಗ್ಗಿಸುತ್ತದೆ, ಆಗ ಯಕೃತ್ತು ಹೆಚ್ಚು ಗ್ರಾಹಕಗಳನ್ನು ಹೊರಗಿಟ್ಟು ರಕ್ತದಿಂದ ಎಲ್‌ಡಿಎಲ್ ಸೆಳೆದುಕೊಳ್ಳುತ್ತದೆ.

ಇದಕ್ಕಿಂತ ನನಗೆ ಪ್ರಿಯವಾದದ್ದು ಪಿಸಿಎಸ್‌ಕೆ9 ಎಂಬ ವಂಶವಾಹಿಯ ಕಥೆ. ಅಧಿಕ ಕೊಲೆಸ್ಟ್ರಾಲ್ ಇದ್ದ ಕೆಲವು ಫ್ರೆಂಚ್ ಕುಟುಂಬಗಳಲ್ಲಿ ಗ್ರಾಹಕದ ವಂಶವಾಹಿ ಸರಿಯಾಗಿಯೇ ಇತ್ತು. 2003ರಲ್ಲಿ ಅವರಲ್ಲಿ ಪತ್ತೆಯಾದದ್ದು ಪಿಸಿಎಸ್‌ಕೆ9ರ ದೋಷ. ಈ ಪ್ರೋಟೀನಿನ ಕೆಲಸ ಗ್ರಾಹಕಗಳನ್ನು ನಾಶಕ್ಕೆ ಕಳುಹಿಸುವುದು. ಆ ಕುಟುಂಬಗಳಲ್ಲಿ ಅದು ಅತಿಯಾಗಿ ಚುರುಕಾಗಿತ್ತು. ಹಾಗಾದರೆ ಇದು ಹುಟ್ಟಿನಿಂದಲೇ ಮಂದವಾಗಿರುವವರು ಹೇಗಿರುತ್ತಾರೆ? ಅಮೆರಿಕದ ಡಲ್ಲಾಸ್‌ನಲ್ಲಿ ಸಂಶೋಧಕರಾದ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೊಹೆನ್ ಎಲ್‌ಡಿಎಲ್ ತೀರಾ ಕಡಿಮೆ ಇದ್ದವರನ್ನು ಹುಡುಕಿ ಹೊರಟರು. ಆಫ್ರಿಕನ್ ಅಮೆರಿಕನ್ನರಲ್ಲಿ ಶೇ. 2ರಷ್ಟು ಮಂದಿಗೆ ಈ ವಂಶವಾಹಿಯ ಒಂದು ಪ್ರತಿ ನಿಷ್ಕ್ರಿಯವಾಗಿತ್ತು. ಇಂಥವರನ್ನು ಹದಿನೈದು ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅವರ ಎಲ್‌ಡಿಎಲ್ ಇತರರಿಗಿಂತ ಶೇ. 28ರಷ್ಟು ಕಡಿಮೆ, ಹೃದಯದ ರಕ್ತನಾಳಗಳ ಕಾಯಿಲೆಯಂತೂ ಶೇ. 88ರಷ್ಟು ಕಡಿಮೆ! ಎರಡೂ ಪ್ರತಿಗಳು ನಿಷ್ಕ್ರಿಯವಾಗಿದ್ದ ಒಬ್ಬ ಮಹಿಳೆಯೂ ಸಿಕ್ಕರು. ಅವರ ಎಲ್‌ಡಿಎಲ್ ಡೆಸಿಲೀಟರಿಗೆ ಕೇವಲ 14 ಮಿಲಿಗ್ರಾಂ, ಆರೋಗ್ಯಕ್ಕೆ ಯಾವ ಕೊರತೆಯೂ ಇರಲಿಲ್ಲ. ಈ ಪ್ರೋಟೀನನ್ನು ತಡೆದರೆ ದೇಹಕ್ಕೆ ಹಾನಿಯಾಗದು ಎಂಬ ಭರವಸೆ ಔಷಧ ತಯಾರಾಗುವ ಮೊದಲೇ ಸಿಕ್ಕಂತಾಯಿತು. ಅದನ್ನು ತಡೆಯುವ ಎರಡು ಚುಚ್ಚುಮದ್ದುಗಳಿಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ‘ಯಾರಿಗೆ ಏನು ಉಪಕಾರ’ ಎಂದು ಕೇಳಿದಿರಲ್ಲ, ನನ್ನ ಉತ್ತರ ಇದು. ಕಾಯಿಲೆ ಬಂದವರ ಜೊತೆಗೆ, ಬಾರದೆ ಉಳಿದವರ ರಕ್ತವೂ ನಮಗೆ ಪಾಠ ಹೇಳುತ್ತದೆ.

ಎಲ್ಲ ಕುಟುಂಬಗಳಲ್ಲೂ ಕಾಯಿಲೆಗೆ ಒಂದೇ ಒಂದು ವಂಶವಾಹಿ ಕಾರಣವಾಗಿರುತ್ತದೆ ಎಂದು ಭಾವಿಸಬೇಡಿ. ಬಹುತೇಕರಲ್ಲಿ ನೂರಾರು ಸಣ್ಣ ವ್ಯತ್ಯಾಸಗಳು ಸೇರಿ ಅಪಾಯ ಹೆಚ್ಚುತ್ತದೆ. ಅವುಗಳಲ್ಲಿ ಮೊದಲು ಸಿಕ್ಕದ್ದು 2007ರಲ್ಲಿ, 9ನೇ ವರ್ಣತಂತುವಿನ ಒಂದು ಜಾಗದಲ್ಲಿ. ಅಲ್ಲಿನ ವ್ಯತ್ಯಾಸ ಕೊಲೆಸ್ಟ್ರಾಲನ್ನೂ ಹೆಚ್ಚಿಸುವುದಿಲ್ಲ, ರಕ್ತದೊತ್ತಡವನ್ನೂ ಹೆಚ್ಚಿಸುವುದಿಲ್ಲ, ಆದರೂ ಹೃದಯಾಘಾತದ ಸಾಧ್ಯತೆ ಏರುತ್ತದೆ. ಇವನ್ನೆಲ್ಲ ಕೂಡಿಸಿ ‘ಅಪಾಯದ ಅಂಕ’ ಕೊಡುವ ಪರೀಕ್ಷೆಗಳು ಈಗ ಮಾರಾಟಕ್ಕಿವೆ. ಅವುಗಳ ಬಗ್ಗೆ ನನಗೆ ತಕರಾರಿದೆ. 2016ರಲ್ಲಿ ಲೆಕ್ಕ ಹಾಕಿದಾಗ ಇಂತಹ ವ್ಯತ್ಯಾಸಗಳನ್ನು ಹುಡುಕುವ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಶೇ. 81ರಷ್ಟು ಯುರೋಪ್ ಮೂಲದವರಾಗಿದ್ದರು. ಆ ಆಧಾರದ ಮೇಲೆ ತಯಾರಾದ ಅಂಕ ಬೇರೆ ಮೂಲದವರಿಗೆ ಅಷ್ಟು ಚೆನ್ನಾಗಿ ಒಪ್ಪುವುದಿಲ್ಲ. ಇದು ನಮ್ಮ ಕ್ಷೇತ್ರದ ದೊಡ್ಡ ಅನ್ಯಾಯ, ಸರಿಪಡಿಸುವ ಹೊಣೆಯೂ ನಮ್ಮದೇ.

ಇನ್ನೊಂದು ಮಾತು. ಇಂತಹ ಅಂಕ ಅತಿ ಹೆಚ್ಚಿದ್ದವರಲ್ಲೂ ಧೂಮಪಾನ ಮಾಡದಿರುವುದು, ಬೊಜ್ಜಿಲ್ಲದಿರುವುದು, ವ್ಯಾಯಾಮ, ಹಿತವಾದ ಆಹಾರ ಈ ನಾಲ್ಕರಲ್ಲಿ ಮೂರನ್ನಾದರೂ ಪಾಲಿಸಿದವರಿಗೆ, ಒಂದನ್ನು ಮಾತ್ರ ಪಾಲಿಸಿದ ಅಥವಾ ಒಂದನ್ನೂ ಪಾಲಿಸದವರಿಗಿಂತ ಹೃದಯದ ಅಪಾಯ ಶೇ. 46ರಷ್ಟು ಕಡಿಮೆ ಇದ್ದದ್ದು 2016ರ ದೊಡ್ಡ ಅಧ್ಯಯನವೊಂದರಲ್ಲಿ ಕಂಡುಬಂತು. ಕೈಕಟ್ಟಿ ಕೂರುವವರಿಗೆ ಈ ಸಂಖ್ಯೆಯನ್ನು ನಾನು ತಪ್ಪದೆ ಹೇಳುತ್ತೇನೆ.

ನೀವೀಗ ಮಾಡಬೇಕಾದದ್ದು ಸರಳ. ರಕ್ತದ ಎಲ್‌ಡಿಎಲ್ ಪರೀಕ್ಷೆ ಮಾಡಿಸಿ. ತಂದೆಯ ಮತ್ತು ಚಿಕ್ಕಪ್ಪನ ಹಳೆಯ ವರದಿಗಳಿದ್ದರೆ, ಔಷಧ ಶುರುವಾಗುವ ಮೊದಲಿನ ಸಂಖ್ಯೆ ಎಷ್ಟಿತ್ತು ನೋಡಿ. ಔಷಧವಿಲ್ಲದೆ ಡೆಸಿಲೀಟರಿಗೆ 190 ಮಿಲಿಗ್ರಾಂ ದಾಟಿದ್ದರೆ ವಂಶವಾಹಿ ಪರೀಕ್ಷೆಯ ಬಗ್ಗೆ ವೈದ್ಯರೊಡನೆ ಮಾತನಾಡಿ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಅಪಾಯವಿಲ್ಲ ಎಂದರ್ಥವಲ್ಲ. ಎಲ್‌ಡಿಎಲ್ ಹೆಚ್ಚಿದ್ದರೆ ಚಿಕಿತ್ಸೆ ಹೇಗೂ ಬೇಕು. ದೋಷ ಸಿಕ್ಕರೆ ಒಡಹುಟ್ಟಿದವರನ್ನೂ ನಿಮ್ಮ ಮಕ್ಕಳನ್ನೂ ಚಿಕ್ಕಪ್ಪನ ಮಕ್ಕಳನ್ನೂ ಅದೊಂದಕ್ಕಾಗಿಯೇ ಪರೀಕ್ಷಿಸಬಹುದು. ಮಕ್ಕಳನ್ನು ಬಿಟ್ಟುಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ನೆದರ್ಲೆಂಡ್ಸ್‌ನಲ್ಲಿ ಈ ಸ್ಥಿತಿಯಿದ್ದ ಮಕ್ಕಳಿಗೆ ಚಿಕ್ಕಂದಿನಲ್ಲೇ ಸ್ಟಾಟಿನ್ ಆರಂಭಿಸಿ ಇಪ್ಪತ್ತು ವರ್ಷ ಗಮನಿಸಿದರು. 2019ರಲ್ಲಿ ಪ್ರಕಟವಾದಂತೆ, 39 ವರ್ಷ ತುಂಬುವುದರೊಳಗೆ ಹೃದಯ ಅಥವಾ ರಕ್ತನಾಳದ ತೊಂದರೆಗೆ ಸಿಲುಕಿದವರು ಅವರಲ್ಲಿ ಶೇ. 1ರಷ್ಟು. ಅದೇ ದೋಷವಿದ್ದು, ಆ ಮಾತ್ರೆ ಬಹಳ ತಡವಾಗಿ ಸಿಕ್ಕ ಅವರ ತಂದೆತಾಯಂದಿರಲ್ಲಿ ಅದು ಶೇ. 26ರಷ್ಟಿತ್ತು.