ಎಂಟಿಬಿ ರೇಸಿಗೆ ಹೆಸರು ಕೊಡಲೇ? ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಮೌಂಟನ್ ಬೈಕ್ (ಎಂಟಿಬಿ), ಅಂದರೆ ಗುಡ್ಡ, ಮಣ್ಣುದಾರಿಯಲ್ಲಿ ಓಡಿಸುವ ಸೈಕಲ್ ಬಗ್ಗೆ ನಾಲ್ಕು ಸಾಲು ಬರೆದದ್ದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಚ್ಚಿನವರು ಕೇಳಿದ್ದು ಒಂದೇ ಮಾತು. ಸೈಕಲ್ ಹೊಡೆಯುವವರೇ ಕೂಡಿಕೊಂಡು ತಿಂಗಳಿಗೊಂದರಂತೆ ನಡೆಸುವ ಎಂಟಿಬಿ ರೇಸುಗಳಿಗೆ ನಮ್ಮಂಥವರು ಹೋಗಬಹುದಾ ಅಂತ. ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನಗೆ 41 ವರ್ಷ. ಒಂದು ವರ್ಷದಿಂದ ಭಾನುವಾರ ಬೆಳಿಗ್ಗೆ ಎಂಟಿಬಿ ಓಡಿಸುತ್ತಿದ್ದೇನೆ. ಆಫೀಸಿನ ಗೆಳೆಯ ರೇಸಿಗೆ ಬಾ ಅಂತ ಬಿಡುತ್ತಿಲ್ಲ. ಎಲ್ಲರಿಗಿಂತ ಕೊನೆಗೆ ಬಂದರೆ? ಜನ ನನಗೋಸ್ಕರ ಕಾಯುತ್ತಾ ನಿಂತಿರುತ್ತಾರೆ ಅನ್ನೋದೇ ಭಯ. (ಜೆ.ಪಿ. ನಗರ, ಬೆಂಗಳೂರು)

ಉತ್ತರ: ಹೋಗಿ. ಖಂಡಿತ ಹೋಗಿ.

ಈ ರೇಸು ನಡೆಯುವ ಬಗೆ ಗೊತ್ತಾದರೆ ನಿಮ್ಮ ಅರ್ಧ ಭಯ ಹೋಗುತ್ತದೆ. ಮೂರರಿಂದ ಐದು ಕಿಲೋಮೀಟರಿನ ಒಂದು ಸುತ್ತು ಇರುತ್ತದೆ. ಅದನ್ನು ಹೊಸಬರು ಎರಡು ಮೂರು ಸಲ, ಪಳಗಿದವರು ಐದಾರು ಸಲ ಹಾಕುತ್ತಾರೆ. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಮುಂದಿದ್ದವರು, ಹಿಂದಿದ್ದವರು, ಮಹಿಳೆಯರು, ನಲವತ್ತು ದಾಟಿದವರು, ಶಾಲೆ ಹುಡುಗರು ಎಲ್ಲರೂ ಕಲಸಿಹೋಗಿ, ಯಾರು ಎಷ್ಟನೆಯವರು ಅನ್ನೋದು ಲ್ಯಾಪ್ (ಸುತ್ತು) ಬರೆದುಕೊಳ್ಳುವವರಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯುವುದಿಲ್ಲ. ಸಾಮಾನ್ಯವಾಗಿ ಗೆದ್ದವರು ಗೆರೆ ದಾಟಿದ ಮೇಲೆ ಉಳಿದವರು ತಮ್ಮ ಆ ಸುತ್ತು ಮುಗಿಸಿದರೆ ಸಾಕು, ಹೆಸರಿನ ಮುಂದೆ ಒಂದು ಲ್ಯಾಪ್ ಕಡಿಮೆ ಅಂತ ಬರೆಯುತ್ತಾರೆ. ನಿಮಗೋಸ್ಕರ ಯಾರೂ ಒಂದು ಗಂಟೆ ಕಾಯುವುದಿಲ್ಲ. ಅಂತರರಾಷ್ಟ್ರೀಯ ರೇಸುಗಳಲ್ಲಾದರೆ ತುಂಬಾ ಹಿಂದೆ ಬಿದ್ದವರನ್ನು ನಡುವೆಯೇ ನಿಲ್ಲಿಸುತ್ತಾರೆ, 80 ಪರ್ಸೆಂಟ್ ನಿಯಮ ಅಂತಾರೆ ಅದಕ್ಕೆ. ನೀವು ಹೋಗುವ ಕಡೆ ಏನು ನಿಯಮ ಅಂತ ರೇಸಿಗೆ ಮುಂಚೆ ಎಲ್ಲರನ್ನೂ ಸೇರಿಸಿ ಹೇಳುತ್ತಾರಲ್ಲ, ಆಗ ಕೇಳಿಬಿಡಿ. ಆ ಐದು ನಿಮಿಷದ ಮಾತನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ನನ್ನ ಮೊದಲ ರೇಸಿನಲ್ಲಿ ಸೀಟಿ ಊದಿದ್ದೇ ತಡ ಎಲ್ಲರ ಜೊತೆ ನಾನೂ ಜೀವ ಬಿಟ್ಟು ತುಳಿದೆ. ಅಗಲದ ದಾರಿ ಮುಗಿದು ಕಾಲುದಾರಿ ಶುರುವಾಗುವ ಮೊದಲೇ ಮುಂದೆ ಹೋಗಬೇಕು ಅಂತ ಎಲ್ಲರೂ ನುಗ್ಗುತ್ತಾರೆ, ಅದಕ್ಕೇ ಆ ಅಬ್ಬರ. ಮೊದಲ ಏರು ಬರುವಾಗಲೇ ನನ್ನ ಕಾಲು ಸೋತಿತ್ತು, ಎರಡನೇ ಸುತ್ತಿನಲ್ಲಿ ವಾಂತಿಯಾಗಿ ಬಿಟ್ಟು ಬಂದೆ. ಹಾಗಾಗಿ ನನ್ನ ಮಾತು ಕೇಳಿ. ಮೊದಲ ಸಲ ಹಿಂದಿನ ಸಾಲಿನಲ್ಲಿ ನಿಂತುಕೊಳ್ಳಿ, ಮೊದಲ ಸುತ್ತನ್ನು ಭಾನುವಾರದ ಸವಾರಿಯ ಹಾಗೆ ಹೊಡೆಯಿರಿ. ಮೂರನೇ ಸುತ್ತಿನಲ್ಲಿ ಮುಂದಿನವರು ಒಬ್ಬೊಬ್ಬರೇ ನಿಮಗೆ ಸಿಗುತ್ತಾ ಹೋಗುತ್ತಾರೆ. ಆ ಖುಷಿಗೋಸ್ಕರವೇ ಎಷ್ಟೋ ಜನ ಮತ್ತೆ ಮತ್ತೆ ಬರುತ್ತಾರೆ.

ಹಿಂದಿನ ದಿನವೋ ಅವತ್ತು ಬೆಳಿಗ್ಗೆಯೋ ಒಂದು ಸಲ ಇಡೀ ಸುತ್ತನ್ನು ನಿಧಾನ ಹಾಕಿ ನೋಡಿ. ಕಷ್ಟದ ಇಳಿಜಾರು ಬಂದರೆ ಇಳಿದು, ಸೈಕಲ್ ಪಕ್ಕಕ್ಕಿಟ್ಟು, ಎಲ್ಲಿ ಚಕ್ರ ಹಾಕಬೇಕು ಅಂತ ಕಣ್ಣಲ್ಲಿ ಗೆರೆ ಎಳೆದುಕೊಳ್ಳಿ. ಹಾಸುಬಂಡೆ ಇದ್ದರೆ ಎರಡು ಪೆಡಲೂ ಒಂದೇ ಮಟ್ಟದಲ್ಲಿರಲಿ, ಸೀಟಿನಿಂದ ಎದ್ದು ಮೈ ಹಿಂದಕ್ಕಿರಲಿ, ಬ್ರೇಕನ್ನು ತಿರುವಿಗೆ ಮುಂಚೆಯೇ ಹಿಡಿದು ಮುಗಿಸಿ. ಧೈರ್ಯ ಬರದಿದ್ದರೆ ಇಳಿದು ತಳ್ಳಿಕೊಂಡು ಹೋಗಬಹುದು, ಯಾವ ನಿಯಮವೂ ಬೇಡ ಅನ್ನುವುದಿಲ್ಲ, ದಾರಿಯ ಒಂದು ಬದಿಗೆ ಸರಿದರೆ ಸಾಕು. ಹಿಂದಿನಿಂದ ಯಾರಾದರೂ ‘ಬಲಕ್ಕೆ ಬರ್ತೀನಿ’ ಅಂತ ಕೂಗಿದರೆ ಗಾಬರಿಯಾಗಿ ಅಲ್ಲೇ ಬ್ರೇಕ್ ಹಾಕಬೇಡಿ. ನಿಮ್ಮ ದಾರಿಯಲ್ಲೇ ಸಾಗಿ ಅಗಲ ಸಿಕ್ಕಾಗ ಜಾಗ ಬಿಡಿ.

ಹೀಗೆ ತಿಂಗಳಿಗೊಂದರಂತೆ ನಡೆಯುವ ರೇಸುಗಳ ಸರಣಿಯಲ್ಲಿ ಪ್ರತಿ ರೇಸಿಗೂ ಪಾಯಿಂಟು. ಉದಾಹರಣೆಗೆ ಆರು ರೇಸಿದ್ದರೆ ನಿಮ್ಮ ಒಳ್ಳೆಯ ನಾಲ್ಕನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದೇ ಸಲ ಬಂದು ಗೆದ್ದು ಹೋದವರಿಗಿಂತ ಬಿಡದೆ ಬಂದವರು ವರ್ಷದ ಕೊನೆಗೆ ಪಟ್ಟಿಯಲ್ಲಿ ಮೇಲಿರುವುದು ಉಂಟು. ನಿಮ್ಮ ಊರಲ್ಲೇ ಬಿಬಿಸಿಎಚ್, ಅಂದರೆ ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್, ಇದೇ ರೀತಿ ಸೈಕಲ್ ಹೊಡೆಯುವವರೇ ಕೈಯಾರೆ ಬೆಳೆಸಿದ ಸರಣಿ. ರಸ್ತೆ ರೇಸು, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಹೊಡೆಯುವ ಟೈಮ್ ಟ್ರಯಲ್ ಜೊತೆಗೆ ಎಂಟಿಬಿ ರೇಸನ್ನೂ ಅವರು ನಡೆಸಿದ್ದಾರೆ.

ಪ್ರಶ್ನೆ: ನನ್ನದು 18 ಸಾವಿರದ ಸೈಕಲ್. ಮುಂದೆ ಮೂರು, ಹಿಂದೆ ಏಳು ಗೇರು. ಲಕ್ಷದ ಸೈಕಲ್ ತಂದವರ ನಡುವೆ ಇದು ನಡೆಯುತ್ತದಾ? (ತುಮಕೂರು)

ಉತ್ತರ: ನಡೆಯುತ್ತದೆ. ಈ ಆಟ ಹುಟ್ಟಿದ್ದೇ ಗುಜರಿ ಸೈಕಲ್ಲುಗಳಲ್ಲಿ. 1976ರ ಅಕ್ಟೋಬರ್ 21ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫೇರ್‌ಫ್ಯಾಕ್ಸ್ ಅನ್ನೋ ಊರಿನ ಹತ್ತಿರ, ಕೆಲವು ಗೆಳೆಯರು ಗುಡ್ಡದ ಮಣ್ಣುದಾರಿಯಲ್ಲಿ ಇಳಿಯುವ ರೇಸು ಶುರು ಮಾಡಿದರು. ಎರಡು ಮೈಲಿಗೂ ಕಡಿಮೆ ದೂರ, 1300 ಅಡಿಯಷ್ಟು ಇಳಿತ. ಸೈಕಲ್ಲುಗಳೋ 1930-40ರ ದಶಕದ ದಪ್ಪ ಟೈರಿನ, ಶ್ವಿನ್ ಕಂಪನಿಯ ಹಳೇ ಸೈಕಲ್ಲುಗಳು, ಅವಕ್ಕೆ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಂದು ಸಲ ಇಳಿಯುವಷ್ಟರಲ್ಲಿ ಚಕ್ರದ ನಡುವಿನ ಹಬ್‌ನೊಳಗಿನ ಗ್ರೀಸು ಕಾದು ಹೊಗೆಯಾಡುತ್ತಿತ್ತು, ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಿತ್ತು. ಅದಕ್ಕೇ ಆ ರೇಸಿಗೆ ರೀಪ್ಯಾಕ್, ಅಂದರೆ ಮತ್ತೆ ತುಂಬುವುದು, ಅಂತ ಹೆಸರು. ಚಾರ್ಲಿ ಕೆಲ್ಲಿ ಅನ್ನುವವರು ಅದನ್ನು ನಡೆಸುತ್ತಿದ್ದರು. ಗ್ಯಾರಿ ಫಿಶರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದೇ ಅಲ್ಲಿನ ದಾಖಲೆ. ಅಲ್ಲಿ ಸೋತು, ಬಿದ್ದು, ಮುರಿದು ಕಲಿತ ಮೇಲೆಯೇ ಆ ಗುಂಪಿನ ಜೋ ಬ್ರೀಜ್ ಗುಡ್ಡಕ್ಕೆ ಅಂತಲೇ ಹೊಸ ಸೈಕಲ್ ಕಟ್ಟಿದ್ದು. ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟಾದಲ್ಲಿ, ಎಂಟಿಬಿ ಒಲಿಂಪಿಕ್ಸ್ ಸೇರಿತು.

ನಿಮ್ಮ ಹತ್ತಿರ ಸ್ವಲ್ಪ ದುಡ್ಡಿದ್ದರೆ ಒಳ್ಳೆಯ ಹೆಲ್ಮೆಟ್, ಹೊಸ ಬ್ರೇಕ್ ಪ್ಯಾಡು, ಹಲ್ಲು ಚೆನ್ನಾಗಿರುವ ಟೈರು, ಈ ಮೂರಕ್ಕೆ ಹಾಕಿ. ಇನ್ನೊಂದು ಪುಕ್ಕಟೆ ಕೆಲಸ ಇದೆ. ಗಾಳಿ ಕಡಿಮೆ ಮಾಡಿ. ಅಂಗಡಿಯಲ್ಲಿ ಸುಮ್ನೆ ಕಲ್ಲಿನ ಹಾಗೆ ಗಾಳಿ ತುಂಬಿಬಿಡುತ್ತಾರೆ, ಆಗ ಟೈರು ಮಣ್ಣು ಕಚ್ಚುವುದಿಲ್ಲ, ಜಲ್ಲಿ ಮೇಲೆ ಜಾರುತ್ತದೆ. ನೀವು 65-70 ಕೆಜಿ ಇದ್ದು, 2.1 ಇಂಚಿನ ಟೈರು, ಒಳಗೆ ಟ್ಯೂಬು ಇದ್ದರೆ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು ಸಾಕು. ಅದಕ್ಕಿಂತ ತುಂಬಾ ಇಳಿಸಿದರೆ ರಿಮ್ಮು ಕಲ್ಲಿಗೆ ಬಡಿದು ಟ್ಯೂಬಿಗೆ ಪಕ್ಕಪಕ್ಕ ಎರಡು ತೂತು ಬೀಳುತ್ತದೆ. ನಿಮ್ಮ ಕಡೆ ಜಾಲಿ ಮುಳ್ಳು, ನೆಗ್ಗಿಲು ಮುಳ್ಳು ಬೇರೆ. ಒಂದು ಟ್ಯೂಬು, ಕೈಪಂಪು ಜೊತೆಗಿರಲಿ. ಟ್ಯೂಬ್ ಹಾಕುವುದನ್ನು ಮನೆಯಲ್ಲಿ ನಾಲ್ಕು ಸಲ ಮಾಡಿ ಕಲಿತಿರಿ.

ಪ್ರಶ್ನೆ: ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ. ನಮ್ಮ ಕಡೆ ಎಲ್ಲಾ ಎರೆ ಭೂಮಿ, ಮಳೆ ಬಂದರೆ ಗಾಲಿನೇ ತಿರುಗುವುದಿಲ್ಲ. ಮಹಿಳೆಯರ ವಿಭಾಗದಲ್ಲಿ ನಾಲ್ಕೈದು ಮಂದಿ ಅಷ್ಟೇ ಇರುತ್ತಾರಂತೆ. ಅವ್ವ ಬೇಡ ಅಂತಿದ್ದಾಳೆ. (ಹುಬ್ಬಳ್ಳಿ)

ಉತ್ತರ: ತಂಗೀ, ಮೊದಲು ಅವ್ವನನ್ನು ಒಂದು ರೇಸು ನೋಡಲಿಕ್ಕೆ ಕರೆದುಕೊಂಡು ಹೋಗು. ಅಲ್ಲಿ ದಾರಿ ಕಾಯಲು ಮೂಲೆಮೂಲೆಗೂ ನಿಂತ ಮಾರ್ಷಲ್‌ಗಳು, ಆಂಬುಲೆನ್ಸು, ಮಕ್ಕಳನ್ನು ಕರೆತಂದ ಬೇರೆ ಅಮ್ಮಂದಿರು, ಇವರನ್ನೆಲ್ಲ ಕಣ್ಣಾರೆ ನೋಡಿದರೆ ಅರ್ಧ ಅಂಜಿಕೆ ಅಲ್ಲೇ ಕಳೆಯುತ್ತದೆ. ಆಂಬುಲೆನ್ಸ್ ಇಲ್ಲದ, ಹೆಲ್ಮೆಟ್ ಕೇಳದ ರೇಸಾದರೆ ನೀನೇ ಹೋಗಬೇಡ. ಇದರಲ್ಲಿ ಎರಡು ಮಾತಿಲ್ಲ.

ನಾಲ್ಕೇ ಮಂದಿ ಅನ್ನುವುದಕ್ಕೆ ಹಿಂಜರಿಯಬೇಡ. ಒಲಿಂಪಿಕ್ಸ್‌ನಲ್ಲಿ ಎಂಟಿಬಿ ಶುರುವಾದ ವರ್ಷವೇ ಮಹಿಳೆಯರ ರೇಸೂ ಶುರುವಾಯಿತು, ಮೊದಲ ಚಿನ್ನ ಇಟಲಿಯ ಪಾವೊಲಾ ಪೆಝೊ ಅವರದ್ದು. ನಿಮ್ಮ ಮಗ್ಗುಲಿನ ವಿಜಯಪುರ, ಬಾಗಲಕೋಟೆಯ ಹೆಣ್ಣುಮಕ್ಕಳು ಸೈಕಲ್ಲಿನಲ್ಲಿ ಎಷ್ಟು ಪದಕ ತಂದಿದ್ದಾರೆ ಅನ್ನೋದು ನಿನಗೇ ಗೊತ್ತಿರಬೇಕು. 2021ರಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಶಿಪ್ ಆಗಿದ್ದು ನಿಮಗೆ ಹತ್ತಿರದ ಗದಗದಲ್ಲೇ. ನೀನು ಹೋದರೆ ನಾಲ್ಕು ಐದಾಗುತ್ತದೆ, ನಿನ್ನನ್ನು ನೋಡಿ ಇನ್ನೊಬ್ಬಳು ಬರುತ್ತಾಳೆ.

ಇನ್ನು ಎರೆಮಣ್ಣು. ಹಸಿ ಇದ್ದಾಗ ಅದರ ಮೇಲೆ ಹೋಗಲೇಬೇಡ. ಟೈರಿಗೂ ಫೋರ್ಕಿಗೂ ನಡುವೆ ಹಿಟ್ಟಿನ ಹಾಗೆ ಮೆತ್ತಿಕೊಂಡು ಚಕ್ರ ನಿಂತುಬಿಡುತ್ತದೆ, ಹಟ ಮಾಡಿ ತುಳಿದರೆ ಹಿಂದಿನ ಗೇರು ಬದಲಿಸುವ ಡಿರೈಲರ್ ಮುರಿಯುತ್ತದೆ. ದಾರಿಗೂ ಪೆಟ್ಟು. ಹಸಿಯಲ್ಲಿ ಬಿದ್ದ ಚಕ್ರದ ಗುರುತು ಒಣಗಿ ಕಲ್ಲಾಗಿ, ಮುಂದಿನ ವಾರ ಬಂದವರನ್ನು ಬೀಳಿಸುತ್ತದೆ. ಮಳೆಗೆ ಅಂತ ರೇಸು ಮುಂದಕ್ಕೆ ಹಾಕಿದರೆ ನಡೆಸುವವರ ಮೇಲೆ ಸಿಟ್ಟಾಗಬೇಡ. ಅಭ್ಯಾಸಕ್ಕೆ ಗರಸು ಮಣ್ಣಿನ ಗುಡ್ಡ ಹುಡುಕು, ಧಾರವಾಡದ ಕಡೆ ಸಿಗುತ್ತವೆ.

ಪ್ರಶ್ನೆ: ಮನೆ ಹಿಂದೆಯೇ ಕಾಡು. ಅಲ್ಲೇ ಅಭ್ಯಾಸ ಮಾಡಬಹುದಾ? (ಶಿರಸಿ)

ಉತ್ತರ: ಮೀಸಲು ಅರಣ್ಯವಾದರೆ ಇಲಾಖೆಯ ಅನುಮತಿ ಇಲ್ಲದೆ ಬೇಡ. ಒಬ್ಬರು ಮಾಡಿದ ತಪ್ಪಿಗೆ ಎಲ್ಲ ಸೈಕಲ್ಲಿನವರಿಗೂ ಗೇಟು ಹಾಕಿದ್ದನ್ನು ನೋಡಿದ್ದೇನೆ. ಊರಿನ ಮಣ್ಣುದಾರಿ, ಕೆರೆ ಏರಿ ಸಾಕಷ್ಟಿವೆ. ಸೊಪ್ಪಿನ ಬೆಟ್ಟದ ದಾರಿಯಾದರೆ ಅದನ್ನು ನೋಡಿಕೊಳ್ಳುವ ಮನೆಯವರಿಗೆ ಒಂದು ಮಾತು ಹೇಳಿ, ತೆಗೆದ ಉಣುಗೋಲನ್ನು ಮತ್ತೆ ಹಾಕಿ. ಮಳೆಗಾಲದಲ್ಲಿ ಉಂಬಳ ನಿಮಗೆ ಹೊಸದಲ್ಲ. ಆದರೆ ಡಿಸೆಂಬರ್‌ನಿಂದ ಮೇ ತನಕ ಉಣುಗಿನ (ಉಣ್ಣೆ ಹುಳುವಿನ) ಕಾಟ, ಅದರಿಂದ ಮಂಗನ ಕಾಯಿಲೆ. ಮಂಗ ಸತ್ತ ಸುದ್ದಿ ಬಂದ ಕಡೆ ಕಾಲಿಡಬೇಡಿ, ಮನೆಗೆ ಬಂದ ತಕ್ಷಣ ಮೈಯೆಲ್ಲ ನೋಡಿಕೊಂಡು ಬಿಸಿನೀರಿನ ಸ್ನಾನ ಮಾಡಿ.

ಪ್ರಶ್ನೆ: ಮಗ ಏಳನೇ ಕ್ಲಾಸು. ಇಲ್ಲಿ ಶಾಲೆ ಮಕ್ಕಳ ಮೌಂಟನ್ ಬೈಕ್ ಲೀಗ್ ಸೇರುತ್ತೇನೆ ಅಂತಿದ್ದಾನೆ. ಓದು ಹಾಳಾಗುತ್ತದಾ ಅಂತ ಯೋಚನೆ. (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ಸೇರಿಸಿ. ನೀವಿರುವ ಉತ್ತರ ಕ್ಯಾಲಿಫೋರ್ನಿಯಾದಲ್ಲೇ 2001ರಲ್ಲಿ ಹೈಸ್ಕೂಲ್ ಲೀಗ್ ಶುರುವಾಗಿದ್ದು, ಅದರ ಬೆನ್ನಿಗೆ 2009ರಲ್ಲಿ ನೈಕಾ ಅನ್ನೋ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಆರರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಅದು. ಇಲ್ಲಿ ಯಾರನ್ನೂ ಬೆಂಚಿನ ಮೇಲೆ ಕೂರಿಸುವುದಿಲ್ಲ. ತಂಡ ಸೇರಿದ ಪ್ರತಿ ಮಗುವೂ ರೇಸಿಗೆ ಇಳಿಯಬಹುದು, ಚಿಕ್ಕವರಿಗೆ ಸುತ್ತೂ ಕಡಿಮೆ. ಕೋಚುಗಳಲ್ಲಿ ಬಹಳಷ್ಟು ಜನ ಅಪ್ಪ ಅಮ್ಮಂದಿರೇ. ನೀವೂ ಒಂದು ಹಳೇ ಸೈಕಲ್ ತಗೊಂಡು ಅಭ್ಯಾಸದ ದಿನ ಹಿಂದೆ ಹೋಗಿ. ಹದಿಮೂರರ ಹುಡುಗ ಅಮ್ಮನ ಜೊತೆ ಮಾತಾಡುವ ಒಂದು ಗಂಟೆ ಹೀಗೆ ಸಿಕ್ಕರೆ ಬಿಡಬಾರದು, ಅಲ್ವಾ? ಓದಿನ ವಿಷಯಕ್ಕೆ ಹೇಳುವುದಾದರೆ, ಸಂಜೆ ಗುಡ್ಡ ಹತ್ತಿ ಬಂದ ಮಕ್ಕಳು ರಾತ್ರಿ ಬೇಗ ಮಲಗುತ್ತಾರೆ. ನನ್ನ ಮನೆಯಲ್ಲಿ ಕಂಡದ್ದು ಇಷ್ಟು.

ಪ್ರಶ್ನೆ: ಮಂಡಿ ಆಪರೇಷನ್ ಆಗಿದೆ, ಇನ್ನು ರೇಸು ಬೇಡ ಅಂದಿದ್ದಾರೆ ಡಾಕ್ಟರು. ಆ ಜನರನ್ನೂ ಆ ಬೆಳಗನ್ನೂ ಬಿಟ್ಟಿರಲು ಆಗುತ್ತಿಲ್ಲ. (ಮೈಸೂರು)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಮಾರ್ಷಲ್ ಆಗಿ ಬನ್ನಿ. ಇದು ಸಮಾಧಾನದ ಮಾತಲ್ಲ, ಇಂಥ ಸರಣಿಗಳು ನಿಂತುಹೋಗುವುದು ಬಹುಪಾಲು ತಿರುವಿನಲ್ಲಿ ನಿಲ್ಲಲು ಜನ ಸಿಗದೇ ಇರುವಾಗ. ಹೊಡೆಯಲು ಅರವತ್ತು ಜನ ಬರುತ್ತಾರೆ, ನಿಲ್ಲಲು ಹತ್ತು ಜನಕ್ಕೆ ಫೋನು ಮಾಡಿ ಮಾಡಿ ಸಾಕಾಗುತ್ತದೆ. ನಿಮಗೋ ರೇಸು ಹೊಡೆದು ಗೊತ್ತು. ಎಲ್ಲಿ ಬೀಳುತ್ತಾರೆ, ಬಿದ್ದವರು ಮೇಲೇಳುವ ರೀತಿ ನೋಡಿ ಪೆಟ್ಟು ಎಷ್ಟು ಅಂತ ಹೇಳಬಲ್ಲಿರಿ. ಕಡಿದಾದ ಇಳಿಜಾರಿನ ಕೆಳಗೆ ನಿಮ್ಮನ್ನೇ ನಿಲ್ಲಿಸಲು ಹೇಳಿ. ಕೈಯಲ್ಲಿ ಬಾವುಟ, ಕೊರಳಲ್ಲಿ ಸೀಟಿ, ಚಾರ್ಜ್ ತುಂಬಿದ ಫೋನು. ಯಾರಾದರೂ ಬಿದ್ದರೆ ಮೊದಲು ಮೇಲಿನವರಿಗೆ ಸೀಟಿ ಊದಿ, ಆಮೇಲೆ ಬಿದ್ದವರ ಹತ್ತಿರ ಹೋಗಿ. ತಲೆ ಬಡಿದಿದೆ ಅನ್ನಿಸಿದರೆ ಅವರು ಎಷ್ಟು ಬೇಡಿದರೂ ಮತ್ತೆ ಸೈಕಲ್ ಹತ್ತಲು ಬಿಡಬೇಡಿ. ಪ್ರತಿ ಸುತ್ತಿಗೂ ದಾಟಿದವರ ನಂಬರು ಬರೆದಿಡಿ, ಕೊನೆಯಲ್ಲಿ ಲೆಕ್ಕ ತಪ್ಪಿದಾಗ ನಿಮ್ಮ ಚೀಟಿಯೇ ಆಧಾರ.

ಮಡಚುವ ಕುರ್ಚಿ ತನ್ನಿ, ಮಂಡಿಗೆ ಒಳ್ಳೆಯದು. ಮುಗಿದ ಮೇಲೆ ದಾರಿ ತೋರಿಸಲು ಗಿಡಗಳಿಗೆ ಕಟ್ಟಿದ ಟೇಪು ಪೂರ್ತಿ ಬಿಚ್ಚಿ ತರಬೇಕು, ದನ ತಿನ್ನುತ್ತವೆ. ಅದಕ್ಕೆ ಒಂದು ಗೋಣಿಚೀಲವೂ ಇರಲಿ.