ಎಲ್‌ಕೆಜಿಗೆ ಸೇರಿಸುವ ಮೊದಲು ಮಗಳನ್ನು ಒಂದು ತಿಂಗಳು ಅಜ್ಜಿ ಮನೆಯಲ್ಲಿ ಬಿಟ್ಟರೆ ರೂಢಿಯಾಗುತ್ತದೆಯೇ?

ಮೇ ತಿಂಗಳಿಗೆ ನಾಲ್ಕು ತುಂಬುವ ಮಗಳು, ಜೂನ್‌ನಲ್ಲಿ ಎಲ್‌ಕೆಜಿ, ಇವತ್ತಿನವರೆಗೆ ಅಮ್ಮನನ್ನು ಬಿಟ್ಟು ಒಂದು ರಾತ್ರಿಯೂ ಇದ್ದವಳಲ್ಲ. "ಒಂದು ತಿಂಗಳು ನನ್ನ ಹತ್ತಿರ ಬಿಟ್ಟು ಹೋಗಿ, ನಿಮ್ಮನ್ನು ಬಿಟ್ಟಿರೋದು ರೂಢಿಯಾಗುತ್ತೆ" ಅಂತ ನಿಮ್ಮ ಅತ್ತೆ ಹೇಳುತ್ತಿದ್ದಾರೆ. ನಮ್ಮ ಮನೆಯಲ್ಲಿ ಇದೇ ಮಾತನ್ನು ಹೇಳಿದವರು ನನ್ನ ಅಮ್ಮ. ಉಳಿದಂತೆ ನಿಮ್ಮ ಪ್ರಶ್ನೆಗೂ ನನ್ನ ಕಥೆಗೂ ಏನೂ ವ್ಯತ್ಯಾಸವಿಲ್ಲ.

ನನ್ನ ತವರು ಸಾಗರದ ಹತ್ತಿರದ ಹಳ್ಳಿ. ಅಡಿಕೆ ತೋಟ, ದೊಡ್ಡ ಅಂಗಳ, ಕೊಟ್ಟಿಗೆ ತುಂಬ ದನ. ಮೇ ತಿಂಗಳೆಂದರೆ ಅಲ್ಲಿ ಹಲಸಿನ ಹಪ್ಪಳದ ಕಾಲ. ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಸೇರಿ ಹಪ್ಪಳ ತಟ್ಟುತ್ತಾರೆ, ಮಕ್ಕಳು ಹಿಟ್ಟಿನ ಉಂಡೆ ಕದ್ದು ತಿನ್ನುತ್ತಾ ಒಣಹಾಕಿದ ಚಾಪೆಯ ಸುತ್ತ ಕಾಗೆ ಓಡಿಸುತ್ತಾ ಇರುತ್ತಾರೆ. ಅಣ್ಣನ ಮಕ್ಕಳೂ ಇದ್ದರು. ನಾವು ಹೋಗಿ ನಾಲ್ಕಾರು ದಿನ ಜೊತೆಗಿದ್ದಾಗ ಮಗಳು ಎಷ್ಟು ಖುಷಿಯಾಗಿದ್ದಳೆಂದರೆ, ಊಟಕ್ಕೆ ಕರೆದರೂ ಒಳಗೆ ಬರುತ್ತಿರಲಿಲ್ಲ. ಅದನ್ನು ನೋಡಿಯೇ ನಮಗೆ ಧೈರ್ಯ ಬಂದದ್ದು. ನಮ್ಮಿಬ್ಬರಿಗೂ ರಜೆ ಮುಗಿದಿತ್ತು. ಅವಳು ಇಲ್ಲೇ ಇರಲಿ, ಮೇ ಕೊನೆಗೆ ಬಂದು ಕರೆದುಕೊಂಡು ಹೋಗೋಣ ಅಂತ ತೀರ್ಮಾನಿಸಿದೆವು.

ಹೊರಡುವ ದಿನ ಅಮ್ಮ ಹೇಳಿದರು: "ಅವಳು ಮಲಗಿದ ಮೇಲೆ ಹೊರಟುಬಿಡಿ. ಎದುರಿಗೇ ಹೊರಟರೆ ಅತ್ತು ರಂಪ ಮಾಡ್ತಾಳೆ, ನಿಂಗೂ ಕರುಳು ಚುರುಕ್ ಅನ್ನುತ್ತೆ. ಬೆಳಿಗ್ಗೆ ಎದ್ದಾಗ ನಾವೆಲ್ಲ ಇರ್ತೀವಲ್ಲ." ಅತ್ತಿಗೆಯೂ ಹೂಂಗುಟ್ಟಿದರು. ಅವರ ಮಕ್ಕಳನ್ನೂ ಹಾಗೇ ಬಿಟ್ಟುಹೋಗಿದ್ದರಂತೆ. ತಾಳಗುಪ್ಪದಿಂದ ಬರುವ ರಾತ್ರಿ ರೈಲಿಗೆ ಟಿಕೆಟ್ ಇತ್ತು, ಸಮಯವೂ ಅದಕ್ಕೆ ಸರಿಹೊಂದುತ್ತಿತ್ತು. ಬೇಗ ಊಟ ಮಾಡಿಸಿ, ಪಕ್ಕದಲ್ಲಿ ಮಲಗಿ ತಟ್ಟಿದೆ. ನಿದ್ದೆಗಣ್ಣಲ್ಲಿ ಅವಳು, "ಅಮ್ಮಾ, ನಾಳೆ ನಾವು ಹೊಳೆಗೆ ಹೋಗೋಣ ಅಲ್ವಾ?" ಅಂದಳು. ನಾನು "ಹೂಂ" ಅಂದೆ. ಹತ್ತು ನಿಮಿಷದಲ್ಲಿ ಮಲಗಿದಳು. ಅಣ್ಣ ಓಮ್ನಿಯಲ್ಲಿ ನಮ್ಮನ್ನು ಜಂಬಗಾರು ಸ್ಟೇಷನ್ನಿಗೆ ಬಿಟ್ಟ.

ನನ್ನ ತಪ್ಪು ಅದೇ. ಯಾವುದು ತಪ್ಪು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನೂ ತುಂಬ ದಿನ ಅದನ್ನು ತಪ್ಪಾದ ಜಾಗದಲ್ಲೇ ಹುಡುಕುತ್ತಿದ್ದೆ. ಮಗುವನ್ನು ಅಜ್ಜಿ ಹತ್ತಿರ ಬಿಟ್ಟದ್ದು ತಪ್ಪಲ್ಲ. ನನ್ನ ಅಮ್ಮ ಅವಳನ್ನು ನನಗಿಂತ ಚೆನ್ನಾಗಿ ನೋಡಿಕೊಂಡರು. ಅಷ್ಟು ದಿನ ಬಿಟ್ಟದ್ದೂ ತಪ್ಪಲ್ಲ ಅಂತಲೇ ಇಟ್ಟುಕೊಳ್ಳಿ. ತಪ್ಪಾದದ್ದು, ನಾವು ಹೋಗುತ್ತೇವೆ ಅನ್ನುವುದನ್ನು ಅವಳಿಗೆ ಹೇಳದೇ ಹೋದದ್ದು. ಅದಕ್ಕಿಂತ ಹೆಚ್ಚಾಗಿ, ನಾಳೆ ಇರುತ್ತೇನೆ ಅಂತ ಒಪ್ಪಿಕೊಂಡು ಹೋದದ್ದು. ನಮ್ಮ ಲೆಕ್ಕದಲ್ಲಿ ಅವಳ ಒಂದು ಅಳುವನ್ನು ತಪ್ಪಿಸಿದೆವು. ಅವಳಿಗೆ ತಿಳಿದದ್ದೇ ಬೇರೆ: ಅಮ್ಮ ಪಕ್ಕದಲ್ಲಿ ಮಲಗಿದ್ದರೂ, ಹೂಂ ಅಂದರೂ, ಕಣ್ಣು ಮುಚ್ಚಿದರೆ ಇರುವುದಿಲ್ಲ.

ಬೆಳಿಗ್ಗೆ ಎದ್ದು ಅವಳು ಬಚ್ಚಲು, ಕೊಟ್ಟಿಗೆ, ಅಟ್ಟ ಎಲ್ಲ ಹುಡುಕಿದಳಂತೆ. ಮನೆಯವರು "ಪೇಟೆಗೆ ಹೋಗಿದಾರೆ, ಈಗ ಬರ್ತಾರೆ" ಅಂದರು. ಅದೂ ಪ್ರೀತಿಯಿಂದ ಹೇಳಿದ ಸುಳ್ಳೇ. ಅದನ್ನು ನಂಬಿ ಅವಳು ಅಂಗಳದ ತುದಿಯ ಉಣುಗೋಲು (ಅಡ್ಡಗೋಲುಗಳ ಬಾಗಿಲು) ಹಿಡಿದು ನಿಂತಳು. ರಸ್ತೆಯಲ್ಲಿ ಬಸ್ಸಿನ ಸದ್ದಾದಾಗಲೆಲ್ಲ ಓಡಿ ಹೋಗುತ್ತಿದ್ದಳಂತೆ. ಕೆಲವು ದಿನಕ್ಕೆ ಹೋಗುವುದನ್ನೂ ಬಿಟ್ಟಳು, ಕೇಳುವುದನ್ನೂ ಬಿಟ್ಟಳು. ಅಮ್ಮ ಫೋನಿನಲ್ಲಿ "ನೋಡು, ಎಷ್ಟು ಚೆನ್ನಾಗಿ ಹೊಂದಿಕೊಂಡಳು, ನಿನ್ನ ಹೆಸರೇ ಎತ್ತಲ್ಲ" ಅಂದಾಗ ನನಗೆ ಸಮಾಧಾನವೇ ಆಯಿತು. ಫೋನು ಅವಳ ಕೈಗೆ ಕೊಡಬೇಡಿ, ದನಿ ಕೇಳಿದರೆ ಮತ್ತೆ ಅಳುತ್ತಾಳೆ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೆವು. ಮೇ ಕೊನೆಗೆ ನಾವು ಹೋದಾಗ ಅವಳು ಓಡಿ ಬರಲಿಲ್ಲ. ಅಮ್ಮಮ್ಮನ ಸೀರೆ ಸೆರಗಿನ ಹಿಂದೆ ನಿಂತು ನನ್ನನ್ನು ನೋಡಿದಳು, ಅಷ್ಟೇ.

ಆಮೇಲೆ ಇದರ ಬಗ್ಗೆ ಓದಿದಾಗ ತಿಳಿಯಿತು, ಇದು ಹೊಸದೇನಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಹಿಂದೆ ಮಕ್ಕಳನ್ನು ಸೇರಿಸಿದರೆ ತಂದೆತಾಯಿಯನ್ನು ಒಳಗೆ ಬಿಡುವುದೇ ಅಪರೂಪವಾಗಿತ್ತು. ಮೊದಮೊದಲು ಅಳುವ ಮಗು ಆಮೇಲೆ ಸುಮ್ಮನಾಗುವುದನ್ನು ನೋಡಿ ನರ್ಸುಗಳು "ಹೊಂದಿಕೊಂಡಿತು" ಅನ್ನುತ್ತಿದ್ದರಂತೆ. ಮನೋವೈದ್ಯ ಜಾನ್ ಬೋಲ್ಬಿ ಮತ್ತು ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಎಂಬಿಬ್ಬರು ಆ ಮಕ್ಕಳನ್ನು ಹತ್ತಿರದಿಂದ ನೋಡಿ ಹೇಳಿದ್ದು: ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ಮನಸ್ಸು ಕಿತ್ತುಕೊಳ್ಳುವುದು, ಸುಮ್ಮನಾದ ಮಗು ಸಮಾಧಾನಗೊಂಡ ಮಗು ಅಂತಲ್ಲ. ಮಕ್ಕಳ ವಾರ್ಡುಗಳಿಗೆ ತಂದೆತಾಯಿಯನ್ನು ಬಿಡಬೇಕು ಎಂದು 1959ರಲ್ಲಿ ಅಲ್ಲಿನ ಸರ್ಕಾರದ ಪ್ಲಾಟ್ ಸಮಿತಿ ವರದಿ ಕೊಟ್ಟಿತು. ಅಜ್ಜಿ ಮನೆ ಆಸ್ಪತ್ರೆಯಲ್ಲ, ಅಲ್ಲಿ ಎತ್ತಿಕೊಳ್ಳುವವರು ಹತ್ತು ಜನ ಇರುತ್ತಾರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ "ನಿನ್ನ ಹೆಸರೇ ಎತ್ತಲ್ಲ" ಅನ್ನುವ ಮಾತು ಕೇಳಿ ನೀವು ನಿಶ್ಚಿಂತರಾಗಬಾರದು ಅಂತ ಇಷ್ಟು ಹೇಳಿದೆ.

ಜೂನ್ ಬಂತು. ನಾವು ಅಂದುಕೊಂಡ ರೂಢಿ ಎಲ್ಲೂ ಕಾಣಲಿಲ್ಲ. ಮೊದಲು ಕೆಟ್ಟದ್ದು ರಾತ್ರಿ. ನನ್ನ ಜಡೆಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ಮಲಗುತ್ತಿದ್ದಳು, ನಾನು ಮಗ್ಗುಲು ಬದಲಿಸಿದರೂ ಎಚ್ಚರವಾಗುತ್ತಿತ್ತು. ಹನ್ನೊಂದಾದರೂ ನಿದ್ದೆಯಿಲ್ಲ, ಬೆಳಿಗ್ಗೆ ಏಳಕ್ಕೆ ಎಬ್ಬಿಸಿದರೆ ಏಳಲಾರಳು. ಶಾಲೆಯಲ್ಲಿ ಬೇರೆ ಮಕ್ಕಳು ಗೇಟಿನ ಹತ್ತಿರ ಜೋರಾಗಿ ಅತ್ತು, ಒಳಗೆ ಹೋದ ಮೇಲೆ ಆಟಕ್ಕೆ ಹತ್ತುತ್ತಿದ್ದರು. ಇವಳು ಅಳುತ್ತಲೇ ಇರಲಿಲ್ಲ. ಬ್ಯಾಗು ಹೆಗಲಿನಿಂದ ಇಳಿಸದೆ, ಬಾಗಿಲಿನ ಪಕ್ಕದ ಕುರ್ಚಿಯಲ್ಲಿ, ಶೂ ಹಾಕಿಕೊಂಡೇ ಕೂರುತ್ತಿದ್ದಳು. ಡಬ್ಬಿ ತೆಗೆಯಬೇಕಾದರೆ ಬ್ಯಾಗು ಇಳಿಸಬೇಕಲ್ಲ, ಹಾಗಾಗಿ ಡಬ್ಬಿ ತುಂಬಿಯೇ ವಾಪಸ್ ಬರುತ್ತಿತ್ತು. ದೋಸೆ ಹಾಕಿದರೂ ಅಷ್ಟೇ, ಅವಳಿಗೆ ಪ್ರಾಣವಾದ ಅವಲಕ್ಕಿ ಹಾಕಿದರೂ ಅಷ್ಟೇ.

ಅವಳ ತರಗತಿಯ ಮಿಸ್, ವಯಸ್ಸಾದವರು, ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಈ ಮಗೂನ ಎಲ್ಲಾದರೂ ಹೇಳದೇ ಬಿಟ್ಟು ಹೋಗಿದ್ರಾ?" ನಾನು ಮೇ ತಿಂಗಳಿನ ಕಥೆ ಹೇಳಿದೆ. ಅವರು ಬೈಯಲಿಲ್ಲ. "ನಾಳೆಯಿಂದ ಗೇಟಿನಲ್ಲಿ ಅವಳ ಕಣ್ಣು ನೋಡಿ ಹೇಳಿ ಹೋಗಿ. ಯಾವಾಗ ಬರ್ತೀರಿ ಅನ್ನೋದನ್ನೂ ಹೇಳಿ. ಗಂಟೆ ಹೇಳಬೇಡಿ, ಅವಳಿಗೆ ಗಂಟೆ ಗೊತ್ತಾಗಲ್ಲ" ಅಂದರು. ಅಂದಿನಿಂದ ನಾನು ಹೇಳುತ್ತಿದ್ದದ್ದು ಹೀಗೆ: "ಮೊದಲು ಪ್ರಾರ್ಥನೆ, ಆಮೇಲೆ ಬಣ್ಣ ಹಚ್ಚೋದು, ಆಮೇಲೆ ಡಬ್ಬಿ, ಆಮೇಲೆ ಜಾರುಬಂಡಿ. ಜಾರುಬಂಡಿ ಮುಗಿದು ಕೈ ತೊಳೆಯುವಾಗ ನಾನು ಗೇಟಿನ ಹೊರಗೆ ನಿಂತಿರ್ತೀನಿ." ಮತ್ತು ನಿಂತಿರುತ್ತಿದ್ದೆ. ಆಫೀಸಿನಲ್ಲಿ ಮಾತಾಡಿ, ಮಧ್ಯಾಹ್ನದ ಮೇಲೆ ಮನೆಯಿಂದ ಕೆಲಸ ಮಾಡುವ ಹಾಗೆ ಮಾಡಿಕೊಂಡೆ. ಮನೆಯಲ್ಲೂ ಅದೇ ನಿಯಮ: ತರಕಾರಿ ತರೋಕೆ ಕೆಳಗಿಳಿದರೂ, ಅವಳು ಟಿವಿ ನೋಡುತ್ತಾ ಮೈಮರೆತಿದ್ದರೂ, ಕರೆದು ಹೇಳಿಯೇ ಹೋಗುವುದು. ಹೇಳಿದ ತಕ್ಷಣ ಅಳುತ್ತಿದ್ದಳು. ಆ ಅಳುವನ್ನು ಕೇಳಿಸಿಕೊಂಡೇ ಹೋಗಬೇಕಾಗುತ್ತಿತ್ತು. ನಿಜ ಹೇಳಬೇಕೆಂದರೆ, ಕದ್ದು ಹೋಗುವುದರಿಂದ ತಪ್ಪುವುದು ನಮ್ಮ ಸಂಕಟವೇ ಹೊರತು ಮಗುವಿನದ್ದಲ್ಲ.

ಬ್ಯಾಗು ಹೆಗಲಿನಿಂದ ಇಳಿಯಲು ಮಳೆಗಾಲದ ಅರ್ಧ ಹೋಯಿತು. ಗಣೇಶನ ಹಬ್ಬದ ಹೊತ್ತಿಗೆ ಡಬ್ಬಿ ಖಾಲಿಯಾಗಿ ಬರತೊಡಗಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಿಡಬೇಕೋ ಬೇಡವೋ ಅಂತ ಕೇಳಿದ್ದೀರಿ. ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಮ್ಮನನ್ನು ಬಿಟ್ಟಿರುವುದು ಸೈಕಲ್ ಹೊಡೆಯುವ ಹಾಗೆ ಅಭ್ಯಾಸದಿಂದ ಬರುವ ವಿದ್ಯೆಯಲ್ಲ. ಅಮ್ಮ ಹೇಳಿದಂತೆ ಬಂದೇ ಬರುತ್ತಾಳೆ ಅನ್ನುವ ನಂಬಿಕೆ ಇದ್ದರೆ ಮಗು ಎಲ್ಲಿ ಬೇಕಾದರೂ ಇರುತ್ತದೆ, ಅದಿಲ್ಲದಿದ್ದರೆ ಪಕ್ಕದ ಕೋಣೆಯಲ್ಲೂ ಇರುವುದಿಲ್ಲ. ಅಜ್ಜಿ ಮನೆಯನ್ನು ಶಾಲೆಯ ತಯಾರಿಗೆ ದಯವಿಟ್ಟು ಬಳಸಬೇಡಿ. ಅದು ಹಪ್ಪಳದ ಹಿಟ್ಟು ತಿನ್ನುವುದಕ್ಕೆ, ಕರುವಿನ ಹಿಂದೆ ಓಡುವುದಕ್ಕೆ ಇರುವ ಜಾಗ. ಅಲ್ಲಿ ಬಿಟ್ಟುಹೋದ ನೋವು ಅಂಟಿಕೊಂಡರೆ ಅಜ್ಜಿ ಮನೆಯೂ ಕೈತಪ್ಪುತ್ತದೆ. ಆ ಮೇ ಆದಮೇಲೆ "ಅಮ್ಮಮ್ಮನ ಮನೆಗೆ ಹೋಗೋಣ" ಅಂದರೆ ಸಾಕು, ನನ್ನ ಮಗಳು ಮಂಚದ ಕೆಳಗೆ ಹೋಗಿ ಕೂರುತ್ತಿದ್ದಳು. ಹೊರಗೆ ಹೇಳಿಕೊಳ್ಳದಿದ್ದರೂ ಅಮ್ಮ ಅದರಿಂದ ತುಂಬ ನೊಂದರು.

ದಸರಾ ರಜೆಗೆ ಮತ್ತೆ ಹೋದೆವು. ಈ ಸಲ ಹೊರಡುವುದು ಹಗಲಿನ ಬಸ್ಸಿಗೆ ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ನೀನು ಕೆಲವು ದಿನ ಇಲ್ಲಿರ್ತೀಯ, ನಾವು ಹೋಗಿ ಬರ್ತೀವಿ ಅಂತ ಎರಡು ದಿನ ಮೊದಲೇ ಅವಳಿಗೆ ಹೇಳಿದೆ. ಹೊರಡುವಾಗ ಅಂಗಳದಲ್ಲಿ ಬಿದ್ದು ಹೊರಳಾಡಿ ಅತ್ತಳು. "ಸುಮ್ಮನೆ ಹೋಗೋದು ಬಿಟ್ಟು ಮಗೂನ ಯಾಕೆ ಹೀಗೆ ಅಳಿಸ್ತೀಯ" ಅಂತ ಅಮ್ಮನಿಗೆ ನನ್ನ ಮೇಲೆ ಸಿಟ್ಟು. ಬಸ್ಸು ಸಾಗರ ದಾಟುವ ಮೊದಲೇ ಅತ್ತಿಗೆ ಫೋನ್ ಮಾಡಿದರು: ಅಳು ನಿಂತಿದೆ, ಕೊಟ್ಟಿಗೆಯಲ್ಲಿ ಕರುವಿಗೆ ಹುಲ್ಲು ಹಾಕುತ್ತಿದ್ದಾಳೆ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡುತ್ತೇನೆ ಅಂದಿದ್ದೆ, ಮಾಡಿದೆ. ಕೆಲವು ಸಲ ಅತ್ತಳು, ಕೆಲವು ಸಲ "ಆಮೇಲೆ ಮಾಡು" ಅಂತ ಫೋನ್ ಇಟ್ಟಳು. ಹೇಳಿದ ದಿನ ಬಂದು ಕರೆದುಕೊಂಡು ಹೋದೆವು. ಈ ಬಾರಿ ಉಣುಗೋಲು ತೆಗೆಯಲು ಅವಳೇ ಓಡಿ ಬಂದಳು.

ಹಾಗಾಗಿ ನಿಮ್ಮ ಅತ್ತೆ ಪ್ರೀತಿಯಿಂದ ಕರೆದರೆ ಖಂಡಿತ ಕಳಿಸಿ. ಒಂದು ತಿಂಗಳು ಬೇಡ, ಕೆಲವೇ ದಿನ ಸಾಕು. ಮೊದಲ ರಾತ್ರಿ ನೀವೂ ಅಲ್ಲೇ ಇರಿ. ಶಾಲೆ ಶುರುವಾಗುವ ಹಿಂದಿನ ದಿನ ಊರಿನಿಂದ ಕರೆತಂದು ಮರುದಿನವೇ ಸಮವಸ್ತ್ರ ಹಾಕಿಸಬೇಡಿ, ನಡುವೆ ಒಂದು ವಾರವಾದರೂ ನಿಮ್ಮ ಜೊತೆ ಮನೆಯಲ್ಲಿರಲಿ. ಈ ಮಾತನ್ನು ಅತ್ತೆಗೆ ನೀವು ಹೇಳುವುದಕ್ಕಿಂತ ನಿಮ್ಮ ಯಜಮಾನರು ಹೇಳುವುದು ಒಳ್ಳೆಯದು. ಸೊಸೆ ಹೇಳಿದರೆ ನಂಬಿಕೆಯಿಲ್ಲ ಅನ್ನುವ ಅರ್ಥ ಬರುತ್ತದೆ, ಮಗ ಹೇಳಿದರೆ ಬರೀ ಮಾತಾಗುತ್ತದೆ.

ನೆಂಟರ ಮನೆಗಳ ಬಗ್ಗೆ ಇನ್ನೊಂದು. ಶಾಲೆಗೆ ಸೇರುವ ಮಗು ಕಂಡರೆ ಸಾಕು, "ಅಲ್ಲಿ ಮಿಸ್ ಕೋಲಿಟ್ಕೊಂಡು ಕೂತಿರ್ತಾರೆ, ನಿನ್ನ ತುಂಟಾಟ ಎಲ್ಲ ಬಿಡಿಸ್ತಾರೆ" ಅನ್ನುವ ಮಾವಂದಿರು ಚಿಕ್ಕಪ್ಪಂದಿರು ಎಲ್ಲ ಮನೆಯಲ್ಲೂ ಇದ್ದಾರೆ. ತಮಾಷೆಗೆ ಅಂದರೂ ಅಲ್ಲೇ ತಡೆಯಿರಿ, ಮಗುವಿನ ಎದುರಿಗೇ ತಡೆಯಿರಿ. ಮಕ್ಕಳಿಗೆ ಹೊಡೆಯುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನೇ ಇದೆ, ನಾನು ಅದನ್ನೇ ಹೇಳಿ ಒಬ್ಬ ಮಾವನ ಬಾಯಿ ಮುಚ್ಚಿಸಿದ್ದೇನೆ. ಮಗು ಆ ಮಾತನ್ನು ತಮಾಷೆ ಅಂತ ತೆಗೆದುಕೊಳ್ಳುವುದಿಲ್ಲ. ಅಮ್ಮನೂ ಇಲ್ಲದ, ಕೋಲೂ ಇರುವ ಜಾಗ ಅಂತ ಶಾಲೆಯ ಚಿತ್ರ ಕಟ್ಟಿಕೊಳ್ಳುತ್ತದೆ.

ಎಲ್‌ಕೆಜಿಗೆ ಮೊದಲು ಪ್ಲೇಹೋಮ್‌ಗೆ ಹಾಕಬೇಕೇ ಅಂತಲೂ ಕೇಳಿದ್ದೀರಿ. ಎರಡು ತಿಂಗಳಿಗಾಗಿ ಒಂದು ಹೊಸ ಜಾಗ, ಆಮೇಲೆ ಇನ್ನೊಂದು ಹೊಸ ಜಾಗ ಯಾಕೆ ಬೇಕು? ನನ್ನ ಮಟ್ಟಿಗೆ ಬೇಡ. ವರ್ಷ ಹಾಳಾಗುತ್ತದೆ ಅನ್ನುವ ಹೆದರಿಕೆಯೂ ಬೇಡ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ನಿಯಮ. ಮೇನಲ್ಲಿ ನಾಲ್ಕು ತುಂಬುವ ನಿಮ್ಮ ಮಗಳು ಎಲ್‌ಕೆಜಿ, ಯುಕೆಜಿ ಮುಗಿಸುವ ಹೊತ್ತಿಗೆ ಅದಕ್ಕೆ ಸರಿಯಾಗಿ ಹೊಂದುತ್ತಾಳೆ. ಜೂನ್ ತಿಂಗಳಿಡೀ ಅರ್ಧರ್ಧ ದಿನ ಹೋದರೂ ಏನೂ ಕಳೆದುಕೊಳ್ಳುವುದಿಲ್ಲ.

ಶುಲ್ಕ ಕಟ್ಟುವ ಮೊದಲು ಶಾಲೆಯವರನ್ನು ಒಂದೇ ಒಂದು ಮಾತು ಕೇಳಿ: ಮೊದಲ ವಾರ ಅಮ್ಮನೋ ಅಪ್ಪನೋ ಸ್ವಲ್ಪ ಹೊತ್ತು ತರಗತಿಯೊಳಗೆ ಕೂರಬಹುದೇ? "ಗೇಟಿನಲ್ಲಿ ಕೊಟ್ಟು ತಿರುಗಿ ನೋಡದೆ ಹೋಗಿ, ನಾವು ನೋಡಿಕೊಳ್ತೇವೆ" ಅಂದರೆ, ಮಗುವಿಗೆ ಹೇಳಿ ಹೋಗುವಷ್ಟು ಹೊತ್ತಾದರೂ ಕೊಡುತ್ತೀರಾ ಅಂತ ಕೇಳಿ. ಅದಕ್ಕೂ ಒಪ್ಪದಿದ್ದರೆ ಬೇರೆ ಶಾಲೆ ನೋಡಿ. ಕಟ್ಟಡ, ಸ್ಮಾರ್ಟ್ ಕ್ಲಾಸು, ಈಜುಕೊಳ ಇವು ಯಾವುವೂ ನಾಲ್ಕು ವರ್ಷದ ಮಗುವಿಗೆ ಅಷ್ಟು ಮುಖ್ಯವಲ್ಲ.